ಮಲೆನಾಡಿನ ಕಾಡಂಚಿನ ಹಳ್ಳಿಗಳಲ್ಲಿ ನಕ್ಸಲ್ ಕಾಲದ ಬಗ್ಗೆ ಸಂಶೋಧನೆ: ಯಾವ ಪ್ರಶ್ನೆಯಿಂದ ಆರಂಭಿಸಬೇಕು?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಸಮಾಜಶಾಸ್ತ್ರ)

ಎಲ್ಲರಿಗೂ ನಮಸ್ಕಾರ. ಪಿಎಚ್.ಡಿ.ಗೆ ನೋಂದಾಯಿಸಿಕೊಂಡು ಒಂದೂವರೆ ವರ್ಷವಾಯಿತು. ಶೃಂಗೇರಿ, ಕೊಪ್ಪ, ಹೆಬ್ರಿ, ಕಾರ್ಕಳ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳು ಸುಮಾರು ಎರಡು ದಶಕಗಳ ಕಾಲ ಒಂದು ಕಡೆ ಶಸ್ತ್ರ ಹಿಡಿದ ಗುಂಪನ್ನೂ ಇನ್ನೊಂದು ಕಡೆ ಪೊಲೀಸರ ಕೂಂಬಿಂಗ್ ಕಾರ್ಯಾಚರಣೆಯನ್ನೂ ಹೇಗೆ ನಿಭಾಯಿಸಿದವು, ಆ ಕಾಲದಲ್ಲಿ ಊರಿನೊಳಗಿನ ಶಾಂತಿಯನ್ನು ಯಾರು ಯಾವ ರೀತಿಯಲ್ಲಿ ಕಾಪಾಡಿದರು ಎಂಬುದು ನನ್ನ ವಿಷಯ. 2003ರ ನವೆಂಬರಿನಲ್ಲಿ ಈದುವಿನಲ್ಲಿ ಹಾಜಿಮಾ ಮತ್ತು ಪಾರ್ವತಿ ಎಂಬ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದದ್ದು, 2005ರ ಫೆಬ್ರವರಿಯಲ್ಲಿ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತರಾದದ್ದು, 2024ರ ನವೆಂಬರಿನಲ್ಲಿ ಹೆಬ್ರಿ ತಾಲ್ಲೂಕಿನ ಪೀತಬೈಲಿನಲ್ಲಿ ಇನ್ನೊಬ್ಬ ನಾಯಕ ವಿಕ್ರಂ ಗೌಡ ಹತರಾದದ್ದು, 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಕಾಡು ಬಿಟ್ಟು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಮುಂದೆ ಬಂದದ್ದು, ಇವೆಲ್ಲ ಪತ್ರಿಕೆಗಳಲ್ಲಿ ವಿವರವಾಗಿ ಸಿಗುತ್ತವೆ. ಬಂದೂಕು ಹಿಡಿದ ಎರಡೂ ಕಡೆಯವರ ಬಗ್ಗೆ ಬರಹಗಳಿವೆ. ಅವುಗಳ ನಡುವೆ ಇದ್ದ ಮನೆಗಳ ಬಗ್ಗೆ ಬಹಳ ಕಡಿಮೆ.

ಮೊದಲ ಕ್ಷೇತ್ರಕಾರ್ಯ ಚೆನ್ನಾಗಿ ನಡೆಯಲಿಲ್ಲ. ಒಂದು ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಬೆಲ್ಲ ನೀರು ಕೊಟ್ಟು ಪ್ರೀತಿಯಿಂದಲೇ ಕೂರಿಸಿದರು. ಅಡಿಕೆ ಕೊಳೆರೋಗದ ಬಗ್ಗೆ, ಮೊಮ್ಮಗಳ ಕಾಲೇಜಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ನಾನು ಚೀಲದಿಂದ ಪುಸ್ತಕ ತೆಗೆದ ಕೂಡಲೇ "ನೀವು ಯಾವ ಇಲಾಖೆಯವರು?" ಎಂದು ಕೇಳಿ, ಒಲೆ ನೋಡಿ ಬರುತ್ತೇನೆಂದು ಒಳಗೆ ಹೋದವರು ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕುವವರೆಗೂ ಹೊರಗೆ ಬರಲಿಲ್ಲ. ನನ್ನ ಪ್ರಶ್ನಾವಳಿಯ ಏಳನೆಯ ಪ್ರಶ್ನೆ "ನಕ್ಸಲರು ನಿಮ್ಮ ಮನೆಗೆ ಎಷ್ಟು ಬಾರಿ ಬಂದಿದ್ದರು?" ಎಂಬುದಾಗಿತ್ತು, ಉತ್ತರಕ್ಕೆ ನಾಲ್ಕು ಚೌಕಗಳನ್ನೂ ಕೊಟ್ಟಿದ್ದೆ. ಈಗ ಅದನ್ನು ಓದಿದರೆ ನನಗೇ ನಾಚಿಕೆಯಾಗುತ್ತದೆ.

ನನ್ನ ಗೊಂದಲಗಳು ಇವು. ಮಾತನ್ನು ಯಾವ ಪ್ರಶ್ನೆಯಿಂದ ಆರಂಭಿಸಬೇಕು? ಸಂಶೋಧನೆಯ ನೀತಿ ನಿಯಮಗಳನ್ನು ನೋಡುವ ನಮ್ಮ ನೈತಿಕ ಸಮಿತಿಯು ಪ್ರತಿಯೊಬ್ಬರಿಂದಲೂ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕೆನ್ನುತ್ತದೆ, ಆದರೆ ಆ ಊರುಗಳಲ್ಲಿ ಕಾಗದ ಮುಂದಿಟ್ಟು ಸಹಿ ಕೇಳಿದವರೆಲ್ಲ ಅರಣ್ಯ ಇಲಾಖೆಯವರು ಇಲ್ಲವೇ ಪೊಲೀಸರು. ನಾನೂ ಅದನ್ನೇ ಕೇಳಿದರೆ ನನ್ನನ್ನು ಬೇರೆಯವಳೆಂದು ಅವರು ಏಕೆ ನಂಬಬೇಕು? ಧ್ವನಿಮುದ್ರಣ ಮಾಡಬಹುದೇ? ಹೆಸರು ಬರೆಯಬಹುದೇ? ಈ ಬಗೆಯ ಕೆಲಸ ಮಾಡಿದವರು ಅಥವಾ ಆ ಭಾಗದವರೇ ಇಲ್ಲಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1 (ನಿವೃತ್ತ ಉಪನ್ಯಾಸಕ, ಚಿಕ್ಕಮಗಳೂರು ಜಿಲ್ಲೆ)

ನಿಮ್ಮ ಏಳನೆಯ ಪ್ರಶ್ನೆಯನ್ನು ಆ ಊರಿನವರು ಮೊದಲ ಬಾರಿ ಕೇಳಿದ್ದು ನಿಮ್ಮ ಬಾಯಲ್ಲಲ್ಲ. ಎಷ್ಟು ಸಲ ಬಂದರು, ಎಷ್ಟು ಜನ, ಏನು ಕೊಟ್ಟಿರಿ, ಯಾವ ಕಡೆಗೆ ಹೋದರು ಎಂದು ಸಮವಸ್ತ್ರದವರು ವರ್ಷಗಟ್ಟಲೆ ಕೇಳಿದ್ದಾರೆ. ಪೊಲೀಸರು ಬಂದಾಗ ಏನು ಹೇಳಿದಿರಿ ಎಂದು ಕಾಡಿನಿಂದ ಬಂದವರೂ ಕೇಳಿದ್ದಾರೆ. ಎರಡು ಕಡೆಯ ವಿಚಾರಣೆಗೂ ಒಂದೇ ಉತ್ತರ ಹೊಂದಿಸಿಟ್ಟುಕೊಂಡು ಬದುಕಿದ ಮನೆಗಳವು. ಹಾಗಾಗಿ ಅಜ್ಜಿ ಒಲೆಯ ನೆಪ ಹೇಳಿ ಒಳಗೆ ಹೋದದ್ದು ಆತಿಥ್ಯದ ಕೊರತೆಯಿಂದಲ್ಲ. ಇಪ್ಪತ್ತು ವರ್ಷಗಳ ಅಭ್ಯಾಸ ಅದು. ನೀವು ಅಧ್ಯಯನ ಮಾಡಬೇಕಾದ ವಸ್ತುವೂ ಅದೇ ಎಂದು ನನಗೆ ತೋರುತ್ತದೆ.

ಆ ಕಾಲದಲ್ಲಿ ಅಕ್ಕಿಯ ವಿಚಾರ ಹೇಗಿತ್ತೆಂಬುದನ್ನು ಒಮ್ಮೆ ಯೋಚಿಸಿ. ನಾಲ್ಕು ಜನರ ಮನೆಯವರು ಪೇಟೆಯಿಂದ ಎಂದಿಗಿಂತ ಐದು ಕಿಲೋ ಹೆಚ್ಚು ಅಕ್ಕಿ ಹೊತ್ತು ತಂದರೆ, ಅಥವಾ ಟಾರ್ಚಿನ ಸೆಲ್ಲುಗಳನ್ನು ಒಟ್ಟಿಗೆ ಹತ್ತು ಕೊಂಡರೆ, "ಯಾರಿಗೆ?" ಎಂಬ ಪ್ರಶ್ನೆ ದಾರಿಯಲ್ಲೇ ಎದುರಾಗುತ್ತಿತ್ತು. ನೆಂಟರು ಬರುತ್ತಾರೆಂದು ಹೇಳಿದರೆ ನೆಂಟರ ಊರು ಹೇಳಬೇಕಾಗುತ್ತಿತ್ತು. ಒಂದು ಮದುವೆಗೆ ಸಾಮಾನು ತರಲು ನನ್ನ ಪರಿಚಯದವರೊಬ್ಬರು ಲಗ್ನಪತ್ರಿಕೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದು ನನಗೆ ನೆನಪಿದೆ. ನಾವು ಆಗ ನಕ್ಕಿದ್ದೆವು, ಅವರು ನಕ್ಕಿರಲಿಲ್ಲ.

ಹಿನ್ನೆಲೆ ನಿಮಗೆ ಗೊತ್ತೇ ಇರುತ್ತದೆ, ಆದರೂ ಅನುಕ್ರಮ ಮುಖ್ಯವಾದ್ದರಿಂದ ಹೇಳುತ್ತೇನೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ 1987ರದು, ಅಂತಿಮ ಅಧಿಸೂಚನೆ 2001ರದು, ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಒಳಗಿದ್ದ ಮಲೆಕುಡಿಯ, ಗೌಡಲು, ಹಸಲರು ಮತ್ತಿತರ ಕುಟುಂಬಗಳಿಗೆ ಒಕ್ಕಲೆಬ್ಬಿಸುವ ಭಯ ಹುಟ್ಟಿದ್ದು ಬಂದೂಕುಗಳು ಕಾಣಿಸಿಕೊಳ್ಳುವ ಮೊದಲೇ. ಅದೇ ಬೆಟ್ಟದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಮಾತ್ರ 2005ರ ಕೊನೆಯವರೆಗೂ, ಅಂದರೆ ಸುಪ್ರೀಂ ಕೋರ್ಟಿನ ಆದೇಶದಂತೆ ನಿಲ್ಲುವವರೆಗೂ, ನಡೆದೇ ಇತ್ತು. ಒಂದು ಹೊರೆ ಸೌದೆಗೆ ದಂಡ ಕಟ್ಟಿದವನ ಕಣ್ಣೆದುರು ಬೆಟ್ಟವೇ ಕರಗಿ ಹೋಗುತ್ತಿತ್ತು. ಇಷ್ಟು ಹೇಳದೆ "ಜನ ಅವರಿಗೆ ಅನ್ನ ಏಕೆ ಹಾಕಿದರು" ಎಂದು ಕೇಳುವುದು ಅರ್ಧ ಪ್ರಶ್ನೆ. ಅನ್ನ ಹಾಕಿದವರೆಲ್ಲ ಒಪ್ಪಿ ಹಾಕಿದವರಲ್ಲ, ಹೆದರಿ ಹಾಕಿದವರೆಲ್ಲ ವಿರೋಧಿಗಳೂ ಅಲ್ಲ. ಹಸಿದು ಬಂದವರಿಗೆ ಇಲ್ಲವೆನ್ನಬಾರದೆಂಬ ಮಲೆನಾಡಿನ ರೂಢಿ, ಬಂದೂಕಿನ ಭಯ, ತಮ್ಮ ಪರವಾಗಿ ಯಾರೋ ಮಾತಾಡುತ್ತಿದ್ದಾರೆಂಬ ಸಣ್ಣ ಸಮಾಧಾನ, ಈ ಮೂರೂ ಒಂದೇ ಬಟ್ಟಲಿನಲ್ಲಿ ಇದ್ದವು.

ಇನ್ನು ಆ ಊರುಗಳನ್ನು ಒಳಗಿನಿಂದ ಒಡೆದ ಪದವೆಂದರೆ "ಮಾಹಿತಿದಾರ". ಮಾಹಿತಿದಾರರೆಂಬ ಆರೋಪದ ಮೇಲೆ ನಕ್ಸಲರು ಊರಿನವರನ್ನು ಕೊಂದರು. 2008ರಲ್ಲಿ ಹೆಬ್ರಿ ಬಳಿಯ ಸೀತಾನದಿಯಲ್ಲಿ ಕೊಲೆಯಾದ ಇಬ್ಬರಲ್ಲಿ ಒಬ್ಬರು ಶಾಲಾ ಶಿಕ್ಷಕರು. ಪೊಲೀಸರ ಕಡೆಯಿಂದ "ಬೆಂಬಲಿಗ" ಎಂಬ ಪದ ಬಂತು. ಹಳೆಯ ಬೇಲಿ ಜಗಳ, ದಾಯಾದಿ ಮತ್ಸರಗಳು ಈ ಎರಡು ಪದಗಳ ಬೆನ್ನೇರಿ ಪ್ರಾಣಕ್ಕೆ ಎರವಾಗುವ ಸ್ಥಿತಿ ಬಂತು. ಹೀಗಿರುವಲ್ಲಿ ಹೊಸಬರು ಪುಸ್ತಕ ಬಿಚ್ಚಿ ಬರೆದುಕೊಂಡರೆ ಆ ಮನೆ ಯಾವ ಪದಕ್ಕೆ ಸಿಕ್ಕಿಬೀಳುತ್ತದೆ ಎಂಬುದನ್ನು ಪಕ್ಕದ ಮನೆ ನಿರ್ಧರಿಸುತ್ತದೆ.

ನನ್ನ ಸಲಹೆಯೇನೆಂದರೆ, ಬಂದೂಕಿನಿಂದ ಆರಂಭಿಸಬೇಡಿ. ಹೊಳೆ ದಾಟುವ ಕಾಲುಸಂಕದಿಂದ ಆರಂಭಿಸಿ, ಅರಣ್ಯ ಹಕ್ಕು ಅರ್ಜಿಯಿಂದ ಆರಂಭಿಸಿ. 2006ರ ಕಾಯ್ದೆಯಡಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ತೋರಿಸಿದರೆ ಸಾಕು, ಪಕ್ಕದ ಮನೆಯ ಇತರ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತು ಮಾಡಬೇಕು. ಒಂದೇ ತೋಡಿನ ನೀರು ಕುಡಿಯುವ ಎರಡು ಮನೆಗಳಿಗೆ ಎರಡು ಅಳತೆಗೋಲು ಬಂದಾಗ ಊರು ಅದನ್ನು ಹೇಗೆ ನಿಭಾಯಿಸಿತು ಎಂದು ಕೇಳಿ ನೋಡಿ. ಸ್ಥಳೀಯ ಶಾಂತಿ ಎಂದು ನೀವು ಹುಡುಕುತ್ತಿರುವುದು ಅಲ್ಲಿ ಸಿಗುತ್ತದೆ.

ಹೊರಗಿನಿಂದ ನಡೆದ ಶಾಂತಿ ಯತ್ನಗಳೂ ನಿಮ್ಮ ಅಧ್ಯಯನದಲ್ಲಿ ಇರಬೇಕು. ಶಾಂತಿಗಾಗಿ ನಾಗರಿಕರ ವೇದಿಕೆಯವರ ಪ್ರಯತ್ನ, ಎಚ್.ಎಸ್. ದೊರೆಸ್ವಾಮಿ, ಎ.ಕೆ. ಸುಬ್ಬಯ್ಯ, ಗೌರಿ ಲಂಕೇಶ್ ಅವರಿದ್ದ ಸಮಿತಿ, 2014ರ ಡಿಸೆಂಬರಿನಲ್ಲಿ ನಕ್ಸಲ್ ಚಳವಳಿಯ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಭೂಗತ ಜೀವನದಿಂದ ಹೊರಬಂದದ್ದು, ಇವುಗಳ ನೆನಪು ಆ ಭಾಗದಲ್ಲಿ ಇನ್ನೂ ಹಸಿಯಾಗಿದೆ. ಆ ಸಮಿತಿಯ ಮೂವರೂ ಈಗಿಲ್ಲ. ಸರ್ಕಾರದ ಕಡತ "ಶರಣಾಗತಿ" ಎನ್ನುತ್ತದೆ, ಮಧ್ಯಸ್ಥಿಕೆ ವಹಿಸಿದವರು "ಮುಖ್ಯವಾಹಿನಿಗೆ ಬರುವುದು" ಎನ್ನುತ್ತಾರೆ. ಊರಿನವರು ಯಾವ ಪದ ಬಳಸುತ್ತಾರೆಂದು ಕಿವಿಗೊಟ್ಟು ಕೇಳಿ, ಆದರೆ ಪದವನ್ನು ನೀವು ಅವರ ಬಾಯಿಗೆ ಹಾಕಬೇಡಿ.

ಒಂದು ಎಚ್ಚರಿಕೆಯೂ ಇದೆ. "ಶಾಂತಿ" ಎಂಬ ಪದವನ್ನು ನೋಡಿ ಮರುಳಾಗಬಾರದು. ಛತ್ತೀಸಗಢದಲ್ಲಿ 2005ರಲ್ಲಿ ನಕ್ಸಲರ ವಿರುದ್ಧ ಆರಂಭವಾದ ಸಲ್ವಾ ಜುಡುಂ ಅನ್ನು ಜನರದೇ ಶಾಂತಿ ಯಾತ್ರೆಯೆಂದು ಕರೆದರು; ಆದಿವಾಸಿ ಯುವಕರಿಗೆ ಬಂದೂಕು ಕೊಟ್ಟು ವಿಶೇಷ ಪೊಲೀಸ್ ಅಧಿಕಾರಿಗಳನ್ನಾಗಿ ಮಾಡಿದ್ದು ಸಂವಿಧಾನಬಾಹಿರವೆಂದು 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಸಮುದಾಯದ ಹೆಸರಿನಲ್ಲಿ ನಡೆದದ್ದೆಲ್ಲ ಸಮುದಾಯದ್ದಾಗಿರುವುದಿಲ್ಲ.

ಕೊನೆಯದಾಗಿ, ಹೊರಬಂದವರ ಮೇಲಿನ ಮೊಕದ್ದಮೆಗಳು ಇತ್ಯರ್ಥವಾಗುವವರೆಗೆ ಎರಡು ಮೂರು ವರ್ಷ ಕಾದು ಈ ಕೆಲಸ ಮಾಡಿದರೆ ಎಲ್ಲರಿಗೂ ಕ್ಷೇಮವೆಂಬುದು ನನ್ನ ಅಭಿಪ್ರಾಯ.

ಉತ್ತರ 2 (ವಕೀಲರು, ಮಂಗಳೂರು)

ಉಪನ್ಯಾಸಕರು ಸಮಾಜದ ದೃಷ್ಟಿಯಿಂದ ಹೇಳಿದ್ದನ್ನು ನಾನು ಕಾನೂನಿನ ದೃಷ್ಟಿಯಿಂದ ಸ್ವಲ್ಪ ಒರಟಾಗಿಯೇ ಹೇಳುತ್ತೇನೆ. ಒಬ್ಬರು "ಹೌದು, ಒಂದು ರಾತ್ರಿ ಊಟ ಹಾಕಿದ್ದೆವು" ಎಂದು ನಿಮಗೆ ಹೇಳಿದರೆ, ನಿಮ್ಮ ಪಾಲಿಗೆ ಅದು ದತ್ತಾಂಶ, ಅವರ ಪಾಲಿಗೆ ಅದು ತಪ್ಪೊಪ್ಪಿಗೆಯ ಹತ್ತಿರದ ಮಾತು. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಅಂದರೆ ಯುಎಪಿಎಯ 19ನೆಯ ಕಲಮಿನಡಿ ಭಯೋತ್ಪಾದಕನೆಂದು ತಿಳಿದೂ ಆಶ್ರಯ ಕೊಟ್ಟವರಿಗೆ ಕನಿಷ್ಠ ಮೂರು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ವಿನಾಯಿತಿ ಇರುವುದು ಗಂಡ ಅಥವಾ ಹೆಂಡತಿಗೆ ಮಾತ್ರ. ತಾಯಿಗಿಲ್ಲ, ಅಣ್ಣನಿಗಿಲ್ಲ. ಹಳೆಯ ದಂಡ ಸಂಹಿತೆಯು "ಆಶ್ರಯ" ಎಂಬುದನ್ನು ವ್ಯಾಖ್ಯಾನಿಸುವಾಗ ವಸತಿಯ ಜೊತೆಗೆ ಆಹಾರ, ಪಾನೀಯ, ಹಣ, ಬಟ್ಟೆಗಳನ್ನೂ ಸೇರಿಸಿತ್ತು. ಕಾಡಿಗೆ ಹೋದ ಮಗಳು ಒಂದು ರಾತ್ರಿ ಬಾಗಿಲು ತಟ್ಟಿದಾಗ ಗಂಜಿ ಬಡಿಸಿದ ತಾಯಿ ಎಲ್ಲಿ ನಿಲ್ಲುತ್ತಾಳೆಂದು ನೀವೇ ಊಹಿಸಿಕೊಳ್ಳಿ.

ಅದೇ ಕಾಯ್ದೆಯ 43ಎಫ್ ಕಲಮಿನ ಪ್ರಕಾರ ತನಿಖಾಧಿಕಾರಿಯು ಎಸ್‌ಪಿ ಅಥವಾ ಅವರಿಗಿಂತ ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಪಡೆದು ಯಾರಿಂದ ಬೇಕಾದರೂ ಮಾಹಿತಿ ಕೇಳಬಹುದು. ಕೊಡದಿದ್ದರೆ ಮೂರು ವರ್ಷದವರೆಗೆ ಸಜೆಯಾಗಬಹುದು. ವಕೀಲನಾದ ನನಗೂ ಕಕ್ಷಿದಾರನಿಗೂ ನಡುವಿನ ಮಾತಿಗೆ ಇರುವ ರಕ್ಷಣೆ ಸಂಶೋಧಕರಿಗೂ ಮಾಹಿತಿ ಕೊಟ್ಟವರಿಗೂ ನಡುವಿನ ಮಾತಿಗೆ ನಮ್ಮ ದೇಶದಲ್ಲಿ ಇಲ್ಲ. ಆದ್ದರಿಂದ "ನೀವು ಹೇಳಿದ್ದನ್ನು ಗುಟ್ಟಾಗಿಡುತ್ತೇನೆ" ಎಂಬ ಭರವಸೆ ನಿಮ್ಮ ಒಪ್ಪಿಗೆ ಪತ್ರದಲ್ಲಿದ್ದರೆ ಅದನ್ನು ಹೊಡೆದುಹಾಕಿ. ಉಳಿಸಿಕೊಳ್ಳಲಾಗದ ಮಾತನ್ನು ಕೊಡಬಾರದು.

ಕಾಗದಗಳ ವಿಷಯದಲ್ಲಿ ಕುತ್ಲೂರಿನ ವಿಠಲ ಮಲೆಕುಡಿಯರ ಪ್ರಕರಣವನ್ನು ಓದಿಕೊಳ್ಳಿ. ಪತ್ರಿಕೋದ್ಯಮ ವಿದ್ಯಾರ್ಥಿಯಾಗಿದ್ದ ಅವರನ್ನೂ ಅವರ ತಂದೆಯನ್ನೂ 2012ರ ಮಾರ್ಚಿನಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿಸಲಾಯಿತು. ಜಪ್ತಿಯಾದ ವಸ್ತುಗಳಲ್ಲಿ ಪತ್ರಿಕೆಯ ತುಣುಕುಗಳು, ಪುಸ್ತಕ, ಚಹಾಪುಡಿ, ಸಕ್ಕರೆಗಳೂ ಇದ್ದವು. 2021ರ ಅಕ್ಟೋಬರಿನಲ್ಲಿ ನ್ಯಾಯಾಲಯ ಇಬ್ಬರನ್ನೂ ಖುಲಾಸೆಗೊಳಿಸಿತು. ಒಂಬತ್ತೂವರೆ ವರ್ಷ. ಮನೆಯೊಂದರಲ್ಲಿ ಸಿಕ್ಕ ಚಹಾಪುಡಿಗೆ ಅಷ್ಟು ಅರ್ಥ ಹುಟ್ಟಬಹುದಾದರೆ, ನಿಮ್ಮ ಕ್ಷೇತ್ರ ಟಿಪ್ಪಣಿಯ ಒಂದು ಪುಟಕ್ಕೆ ಎಷ್ಟು ಅರ್ಥ ಹುಟ್ಟಬಹುದು?

ಕೆಲಸಕ್ಕೆ ಬರುವ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಹೆಸರುಗಳ ಪಟ್ಟಿ ಮತ್ತು ಸಂಕೇತಗಳ ಪಟ್ಟಿ ಒಂದೇ ಚೀಲದಲ್ಲಿ ಇರಬಾರದು. ಸಾಧ್ಯವಾದರೆ ಹೆಸರುಗಳ ಪಟ್ಟಿಯೇ ಇರಬಾರದು. ಸಹಿಯ ಬದಲು ಮೌಖಿಕ ಒಪ್ಪಿಗೆ ಪಡೆದು, ಅದನ್ನು ಪಡೆದ ದಿನಾಂಕವನ್ನಷ್ಟೇ ನೀವು ದಾಖಲಿಸಿಕೊಳ್ಳಲು ಅನುಮತಿ ಕೋರಿ ನೈತಿಕ ಸಮಿತಿಗೆ ಕಾರಣಸಹಿತ ಅರ್ಜಿ ಬರೆಯಿರಿ. ಸಹಿಯಿಂದಲೇ ಅಪಾಯ ಹೆಚ್ಚುವ ಸಂದರ್ಭದಲ್ಲಿ ಇದು ಸಂಶೋಧನಾ ಲೋಕದಲ್ಲಿ ಒಪ್ಪಿತವಾದ ಕ್ರಮವೇ. ಫೋನಿನಲ್ಲಿ ತೆಗೆದ ಚಿತ್ರದ ಜೊತೆ ಸ್ಥಳದ ಗುರುತು ಸೇರಿಕೊಂಡಿರಬಹುದು, ಅದನ್ನು ಮೊದಲೇ ಬಂದ್ ಮಾಡಿ. ಮುಖ್ಯವಾಗಿ, ಯಾರಾದರೂ ತಾವಾಗಿ ಆ ರಾತ್ರಿಗಳ ವಿಷಯಕ್ಕೆ ಬಂದರೆ "ಅದು ನನಗೆ ಬೇಡ, ಅದನ್ನು ಹೇಳಬೇಡಿ" ಎಂದು ತಡೆಯುವ ಧೈರ್ಯ ನಿಮಗಿರಬೇಕು. ಒಳ್ಳೆಯ ಸಂಶೋಧಕರಿಗೆ ಇದು ಬಹಳ ಕಷ್ಟವೆಂದು ನನಗೆ ಗೊತ್ತು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಕೃತಜ್ಞತೆಗಳು. ತಡೆಯಬೇಕೆಂಬ ಮಾತು ನನಗೆ ಹೊಳೆದೇ ಇರಲಿಲ್ಲ. ಆದರೆ ಒಂದು ಸಂಕಟವಿದೆ: ಆ ರಾತ್ರಿಗಳ ಬಗ್ಗೆ ಕೇಳುವಂತಿಲ್ಲ, ಹೆಸರು ಬರೆಯುವಂತಿಲ್ಲ, ಸ್ಥಳ ಹೇಳುವಂತಿಲ್ಲ ಎಂದಾದರೆ ಪ್ರಬಂಧದಲ್ಲಿ ಉಳಿಯುವುದೇನು? ಸಶಸ್ತ್ರ ಗುಂಪಿನ ಬಗ್ಗೆ ಏನನ್ನೂ ಕೇಳದೆ, ಅದರ ಜೊತೆ ಸಮುದಾಯ ಹೇಗೆ ವ್ಯವಹರಿಸಿತು ಎಂಬುದನ್ನು ತಿಳಿಯಲು ಸಾಧ್ಯವೇ?

ಉತ್ತರ 3 (ಲ್ಯಾಟಿನ್ ಅಮೆರಿಕದ ಅಧ್ಯಯನದಲ್ಲಿ ತೊಡಗಿರುವವರು, ಸದ್ಯ ವಿದೇಶದಲ್ಲಿ)

ಸಾಧ್ಯ ಎನ್ನುವುದಕ್ಕೆ ಕೊಲಂಬಿಯಾದ ಕರಾರೆ ನದಿಯ ಉದಾಹರಣೆ ಕೊಡುತ್ತೇನೆ. ನಮ್ಮ ಪಶ್ಚಿಮ ಘಟ್ಟಕ್ಕೂ ಅಲ್ಲಿಗೂ ಹಿಂಸೆಯ ಪ್ರಮಾಣದಲ್ಲಿ ಅಜಗಜಾಂತರವಿದೆ, ಹೋಲಿಕೆಯನ್ನು ಎಳೆದು ದೊಡ್ಡದು ಮಾಡುವುದು ಬೇಡ. ಆದರೆ "ಮಾಹಿತಿದಾರ" ಎಂಬ ಪದದ ಸುತ್ತ ನಡೆಯುವ ಸಂಗತಿ ಎರಡೂ ಕಡೆ ಒಂದೇ ಜಾತಿಯದು.

ಸಾಂತಾಂದೆರ್ ಪ್ರಾಂತ್ಯದ ಲಾ ಇಂಡಿಯಾ ಎಂಬ ಹಳ್ಳಿಯ ಸುತ್ತ ಕಾಡು ಕಡಿದು ನೆಲೆನಿಂತ ಬಡ ರೈತರು ಫಾರ್ಕ್ ಎಂಬ ಎಡಪಂಥೀಯ ಸಂಘಟನೆಯ ಗೆರಿಲ್ಲಾಗಳು, ಸೇನೆ, ಜಮೀನ್ದಾರರ ಬೆಂಬಲವಿದ್ದ ಅರೆಸೇನಾ ಗುಂಪುಗಳು, ಈ ಮೂರರ ನಡುವೆ ಸಿಕ್ಕಿ ವರ್ಷಗಟ್ಟಲೆ ಸತ್ತರು. 1987ರಲ್ಲಿ ಅವರ ಮುಂದೆ ನಾಲ್ಕು ದಾರಿಗಳನ್ನು ಇಡಲಾಯಿತು: ಅರೆಸೇನಾ ಗುಂಪು ಸೇರಿ, ಗೆರಿಲ್ಲಾಗಳ ಜೊತೆ ಹೋಗಿ, ಊರು ಬಿಡಿ, ಇಲ್ಲವೇ ಸಾಯಿರಿ. ಅವರು ನಾಲ್ಕನ್ನೂ ಬಿಟ್ಟು ಕರಾರೆ ರೈತ ಕಾರ್ಮಿಕರ ಸಂಘ ಕಟ್ಟಿಕೊಂಡು, ಶಸ್ತ್ರ ಮುಟ್ಟುವುದಿಲ್ಲವೆಂದು ಘೋಷಿಸಿ, ಪ್ರತಿಯೊಂದು ಸಶಸ್ತ್ರ ಗುಂಪಿನ ಜೊತೆಗೂ ನೇರ ಮಾತುಕತೆಗೆ ಹೋದರು. ಆ ಮಾತುಕತೆಗಳನ್ನು ಗುಟ್ಟಾಗಿ ನಡೆಸಲಿಲ್ಲ ಎಂಬುದೇ ಅದರ ಸ್ವಾರಸ್ಯ. ಅಲ್ಲಿನ ಸಶಸ್ತ್ರರು ಹೇರಿದ್ದು ಮೌನದ ಕಟ್ಟಳೆ: ಕಂಡದ್ದನ್ನು ಹೇಳಬೇಡ, ಕೇಳಿದ್ದನ್ನು ಹೇಳಬೇಡ. ಗುಟ್ಟಿದ್ದಲ್ಲಿ ಸಂಶಯ, ಸಂಶಯವಿದ್ದಲ್ಲಿ ಹೆಣ. ಹಾಗಾಗಿ ಯಾರ ಜೊತೆ ಏನು ಮಾತಾಡಿದೆವೆಂಬುದು ಎಲ್ಲರಿಗೂ ತಿಳಿದಿರಲಿ ಎಂಬುದನ್ನು ಅವರು ನಿಯಮ ಮಾಡಿಕೊಂಡರು.

ನಿಮ್ಮ ಪ್ರಬಂಧಕ್ಕೆ ಬೇಕಾದ ಭಾಗ ಇದು. ಸಶಸ್ತ್ರ ಗುಂಪೊಂದು ಊರಿನ ಒಬ್ಬನನ್ನು ಎದುರು ಪಕ್ಷದ ಗೂಢಚಾರನೆಂದು ಸಂಶಯಪಟ್ಟರೆ, ಆ ಸಂಶಯವನ್ನು ಸಂಘದ ಮುಂದಿಡಬೇಕೆಂದೂ ಸಂಘವೇ ವಿಚಾರಿಸಿ ಹೇಳುವುದೆಂದೂ ವ್ಯವಸ್ಥೆ ಮಾಡಿಕೊಂಡರು. ಸಂಘದವರು ಆತನ ನೆರೆಹೊರೆಯನ್ನು ಕೇಳುತ್ತಿದ್ದರು, ಹಳೆಯ ಜಗಳವೇನಾದರೂ ಇದೆಯೇ ಎಂದು ನೋಡುತ್ತಿದ್ದರು, ಆತ ನಿರಪರಾಧಿಯಾದರೆ ಗುಂಪಿಗೆ ಹೋಗಿ ಅವನ ಪರ ನಿಲ್ಲುತ್ತಿದ್ದರು, ಏನಾದರೂ ಸಂಪರ್ಕವಿದ್ದರೆ ಅದನ್ನು ಬಿಡುವಂತೆ ಅವನಿಗೇ ಬುದ್ಧಿ ಹೇಳುತ್ತಿದ್ದರು. ಉಪನ್ಯಾಸಕರು ಹೇಳಿದ ಬೇಲಿ ಜಗಳ ಪ್ರಾಣಕ್ಕೆ ಎರವಾಗುವ ದಾರಿಯನ್ನು ಅವರು ಕಟ್ಟಿದ್ದು ಹೀಗೆ. ಬೆಲೆಯನ್ನೂ ತೆತ್ತರು: 1990ರ ಫೆಬ್ರವರಿ 26ರಂದು ಸಿಮಿತಾರ್ರಾ ಪಟ್ಟಣದಲ್ಲಿ ಸಂಘದ ಮೂವರು ನಾಯಕರನ್ನೂ ಅವರನ್ನು ಸಂದರ್ಶಿಸಲು ಬಂದಿದ್ದ ಪತ್ರಕರ್ತೆ ಸಿಲ್ವಿಯಾ ದೂಸಾನ್ ಅವರನ್ನೂ ಗುಂಡಿಟ್ಟು ಕೊಲ್ಲಲಾಯಿತು. ಅದೇ ವರ್ಷ ಸಂಘಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಸಂಘ ಮುಚ್ಚಲಿಲ್ಲ. ಕೊಲಂಬಿಯಾದ ಐತಿಹಾಸಿಕ ಸ್ಮೃತಿ ತಂಡವು 2011ರಲ್ಲಿ ಈ ಸಂಘದ ಕಥೆಯನ್ನೇ ಒಂದು ವರದಿಯಾಗಿ ಪ್ರಕಟಿಸಿತು.

ಆ ಸಂಘದ ಬಗ್ಗೆ ಇಷ್ಟೆಲ್ಲ ತಿಳಿಯಲು ಯಾವ ಮನೆಗೆ ಯಾವ ರಾತ್ರಿ ಯಾರು ಬಂದರು ಎಂಬುದನ್ನು ತಿಳಿಯುವ ಅಗತ್ಯವಿಲ್ಲ. ಸಂಶಯ ಹುಟ್ಟಿದಾಗ ಊರು ಅದನ್ನು ಹೇಗೆ ಪರೀಕ್ಷಿಸುತ್ತಿತ್ತು ಎಂಬ ಒಂದೇ ಪ್ರಶ್ನೆ ಸಾಕು. ಮಲೆನಾಡಿನಲ್ಲಿ ಅಂಥ ಸಂಘವಿರಲಿಲ್ಲ, ನಿಜ. ಆದರೆ ಸುಳ್ಳು ಆರೋಪ ಬಂದಾಗ ಯಾರ ಬಳಿ ಹೋಗುತ್ತಿದ್ದರು? ಪಂಚಾಯಿತಿ ಸದಸ್ಯರೋ, ಶಾಲಾ ಮೇಷ್ಟರೋ, ದೈವದ ಗುಡಿಯ ಹಿರಿಯರೋ, ಇಲ್ಲ ಯಾರೂ ಇರಲಿಲ್ಲವೋ? ಯಾರೂ ಇರಲಿಲ್ಲವೆಂಬ ಉತ್ತರ ಬಂದರೂ ಅದು ಪ್ರಬಂಧದ ಒಂದು ಅಧ್ಯಾಯಕ್ಕೆ ಸಾಕಾಗುವಷ್ಟು ದೊಡ್ಡ ಉತ್ತರ.

ಒಂದೇ ಭಿನ್ನಾಭಿಪ್ರಾಯವಿದೆ. ದೂಸಾನ್ ಅವರ ಕೊಲೆಯನ್ನು ನೆನೆದರೆ ಉಪನ್ಯಾಸಕರ "ಕಾಯಿರಿ" ಎಂಬ ಮಾತು ಅರ್ಥವಾಗುತ್ತದೆ, ಆದರೆ ನೆನಪುಗಳು ಕಾಯುವುದಿಲ್ಲ.

ಉತ್ತರ 4 (ಹೆಬ್ರಿ ತಾಲ್ಲೂಕಿನ ಕಾಡಂಚಿನ ಮನೆಯವನು)

ಇಷ್ಟು ಹೊತ್ತು ಓದಿದೆ. ಎಲ್ಲರೂ ನಮ್ಮ ಬಗ್ಗೆ ಕಾಳಜಿಯಿಂದಲೇ ಬರೆದಿದ್ದೀರಿ. ನಾನು ಮಲೆಕುಡಿಯ ಸಮುದಾಯದವನು, ಸದ್ಯ ಉಡುಪಿಯಲ್ಲಿ ಕೆಲಸ ಮಾಡುತ್ತೇನೆ, ವಾರಕ್ಕೊಮ್ಮೆ ಮನೆಗೆ ಹೋಗುತ್ತೇನೆ. ಎರಡು ವಿಷಯಗಳಲ್ಲಿ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ; ದಯವಿಟ್ಟು ಬೇಸರ ಮಾಡಿಕೊಳ್ಳಬಾರದು.

ಮೊದಲನೆಯದು ಕಾಯುವ ವಿಚಾರ. ಆ ಕಾಲವನ್ನು ನಡುವಯಸ್ಸಿನಲ್ಲಿ ಕಂಡವರಿಗೆ ಈಗ ಎಪ್ಪತ್ತು ದಾಟಿದೆ. ನಮ್ಮ ದೊಡ್ಡಪ್ಪ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಠಾಣೆಗೆ ಎಷ್ಟು ಸಲ ನಡೆದರು, ಎಷ್ಟು ದಿನದ ಕೂಲಿ ಹೋಯಿತು ಎಂಬುದು ಅವರ ಬಾಯಲ್ಲೇ ಇತ್ತು. ಯಾರೂ ಬರೆದುಕೊಳ್ಳಲಿಲ್ಲ. ಮೊಕದ್ದಮೆಗಳು ಮುಗಿಯಲಿ ಎನ್ನುತ್ತೀರಿ. 2025ರ ಜನವರಿಯಲ್ಲಿ ಮುಖ್ಯಮಂತ್ರಿಯವರ ಎದುರು ಬಂದವರನ್ನು ಆಮೇಲೆ ನ್ಯಾಯಾಂಗ ಬಂಧನಕ್ಕೆ ಕಳುಹಿಸಿದ್ದನ್ನು ಇಡೀ ಊರು ಟಿವಿಯಲ್ಲಿ ನೋಡಿದೆ. ಅವರ ಮೇಲಿನ ಮೊಕದ್ದಮೆಗಳು ಮೂರು ರಾಜ್ಯಗಳಲ್ಲಿವೆ. ಅವು ಮುಗಿಯುವ ಹೊತ್ತಿಗೆ ನಮ್ಮಲ್ಲಿ ಹೇಳುವವರು ಉಳಿದಿರುವುದಿಲ್ಲ.

ಎರಡನೆಯದು ಹೆಸರಿನ ವಿಚಾರ. ವಕೀಲರು ಹೇಳಿದ ಕಾನೂನು ನಿಜ, ರಾತ್ರಿಯ ವಿಷಯಕ್ಕೆ ಹೆಸರು ಬೇಡವೇ ಬೇಡ. ಆದರೆ ಎಲ್ಲದಕ್ಕೂ ಹೆಸರು ಅಳಿಸಿ "ಮಾಹಿತಿದಾರ 14" ಎಂದು ಬರೆದರೆ, ಮೇಡಂ, ಆ ಪದ ನಮ್ಮ ಊರಿನಲ್ಲಿ ಏನೆಂದು ಮೇಲೆ ಸರ್ ಅವರೇ ಬರೆದಿದ್ದಾರಲ್ಲ? ಸಂಶೋಧನೆಯಲ್ಲಿ ಅದಕ್ಕೆ ಬೇರೆ ಅರ್ಥವಿರಬಹುದು. ಮುದ್ರಿತ ಪುಸ್ತಕದಲ್ಲಿ ನಮ್ಮ ಚಿಕ್ಕಮ್ಮನನ್ನು ಆ ಪದದಿಂದ ಕರೆದರೆ ಯಾರೂ ಅರ್ಥ ಕೇಳಿಕೊಂಡು ಬರುವುದಿಲ್ಲ. ಆ ಪದವನ್ನು ದಯವಿಟ್ಟು ಪ್ರಬಂಧದಿಂದಲೇ ತೆಗೆದುಹಾಕಿ. ಕಾಲುಸಂಕಕ್ಕಾಗಿ ಹತ್ತು ವರ್ಷ ಅರ್ಜಿ ಕೊಟ್ಟವರು, ಅರಣ್ಯ ಹಕ್ಕು ಸಮಿತಿಯಲ್ಲಿ ಕೂತು ಎರಡು ಜಾತಿಯ ಮನೆಗಳ ಗಡಿ ಜಗಳ ಬಿಡಿಸಿದವರು, ಕೂಂಬಿಂಗ್ ದಿನಗಳಲ್ಲಿ ಶಾಲೆ ಮುಚ್ಚದಂತೆ ನೋಡಿಕೊಂಡವರು ಇದ್ದಾರೆ. ಅವರಿಗೆ ತಮ್ಮ ಹೆಸರು ಬರಬೇಕೆಂದಿದೆ. ಕೇಳಿ ನೋಡಿ, ಬೇಡವೆಂದವರದ್ದು ಬಿಡಿ.

ಇನ್ನೊಂದು ಮಾತು. "ಸಮುದಾಯ" ಎಂದು ನೀವೆಲ್ಲ ಒಂದೇ ಪದದಲ್ಲಿ ಹೇಳಿ ಮುಗಿಸುತ್ತೀರಿ. ನಮ್ಮ ಊರಿನಲ್ಲಿ ಅಡಿಕೆ ತೋಟದ ಮನೆಗಳಿವೆ, ಅವರ ತೋಟಕ್ಕೆ ಕೂಲಿಗೆ ಹೋಗುವ ಮನೆಗಳಿವೆ, ಹೆಣ್ಣುಮಕ್ಕಳಿದ್ದಾರೆ. ಗಂಡಸರು ಕೂಂಬಿಂಗ್ ಸುದ್ದಿ ಕೇಳಿ ಕೆಲಸಕ್ಕೆಂದು ಘಟ್ಟದ ಕೆಳಗೆ ಹೋಗುತ್ತಿದ್ದಾಗ ಮನೆಯಲ್ಲಿ ಉಳಿದು ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟವರು ಹೆಂಗಸರು. ಅವರು ಗಂಡಸರ ಮುಂದೆ ಮಾತಾಡುವುದಿಲ್ಲ. ಸಭೆ ಕರೆದರೆ ನಿಮಗೆ ತೋಟದ ಯಜಮಾನರ ಮಾತು ಮಾತ್ರ ಸಿಗುತ್ತದೆ. ತುಳು ಬಂದರೆ ಒಳ್ಳೆಯದು. ಬಾರದಿದ್ದರೆ ನಮ್ಮೂರಿನದೇ ಹುಡುಗಿಯೊಬ್ಬಳನ್ನು ಜೊತೆಗೆ ಕರೆದುಕೊಳ್ಳಿ, ಅವಳಿಗೆ ಸಂಬಳ ಕೊಡಿ, ಪ್ರಬಂಧದಲ್ಲಿ ಅವಳ ಕೆಲಸವನ್ನು ನಮೂದಿಸಿ.

ನಮ್ಮನ್ನು ಕೇಳಿದರೆ ಯಾವುದರ ಸಂಶೋಧನೆ ಆಗಬೇಕೆಂದೂ ಹೇಳುತ್ತೇವೆ. ಆ ಇಪ್ಪತ್ತು ವರ್ಷಗಳಲ್ಲಿ ಊರಿನ ಎಷ್ಟು ಜನರ ಮೇಲೆ ಪ್ರಕರಣಗಳಾದವು, ಎಷ್ಟು ಬಿದ್ದುಹೋದವು, ಎಷ್ಟು ಇನ್ನೂ ಇವೆ? ಎರಡೂ ಕಡೆಯಿಂದ ಸತ್ತವರ ಮನೆಗಳಿಗೆ ಯಾರು ಹೋದರು? ಈಗ ನಕ್ಸಲರಿಲ್ಲವೆಂದಾದ ಮೇಲೆ ರಸ್ತೆ, ಸಂಕದ ಅರ್ಜಿಗಳಿಗೆ ಬೆಲೆಯಿದೆಯೇ, ಇಲ್ಲ ಭಯ ಹೋದಂತೆ ಅರ್ಜಿಗಳ ಬೆಲೆಯೂ ಹೋಯಿತೇ? ಈ ಕೊನೆಯ ಪ್ರಶ್ನೆಯನ್ನು ನಮ್ಮ ಊರಿನಲ್ಲಿ ಜೋರಾಗಿಯೇ ಕೇಳುತ್ತಾರೆ. ಅದಕ್ಕೆ ಯಾರೂ ಒಲೆ ನೋಡಲು ಒಳಗೆ ಹೋಗುವುದಿಲ್ಲ.

ಉತ್ತರ 1ರ ಉಪನ್ಯಾಸಕರಿಂದ

ಕಾಯಬೇಕೆಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಪೇಟೆಯಲ್ಲಿ ಕೂತು ಹೇಳಿದ ಮಾತದು. "ಮಾಹಿತಿದಾರ 14" ಕುರಿತ ಆಕ್ಷೇಪ ಮೂವತ್ತು ವರ್ಷ ಪಾಠ ಹೇಳಿದ ನನಗೂ ಹೊಸದು.

ಪ್ರಶ್ನೆ ಕೇಳಿದವರಿಂದ

ನಾಲ್ವರಿಗೂ ಮನಃಪೂರ್ವಕ ವಂದನೆಗಳು. ಪ್ರಶ್ನಾವಳಿಯನ್ನು ಪೂರ್ತಿ ಕೈಬಿಟ್ಟಿದ್ದೇನೆ. ಮೌಖಿಕ ಒಪ್ಪಿಗೆಗೆ ಅನುಮತಿ ಕೋರಿ ಸಮಿತಿಗೆ ಬರೆದ ಅರ್ಜಿಯಲ್ಲಿ ವಕೀಲರು ತಿಳಿಸಿದ ಎರಡು ಕಲಮುಗಳನ್ನು ಉಲ್ಲೇಖಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಹೆಸರಿನ ವಿಷಯದಲ್ಲಿ ಎರಡು ಕಡತ ಇಡುವುದೆಂದು ಮಾರ್ಗದರ್ಶಕರು ಒಪ್ಪಿದ್ದಾರೆ: ಅರ್ಜಿ, ಸಂಕ, ಶಾಲೆ, ಗಡಿ ಜಗಳಗಳ ಬಗ್ಗೆ ಹೇಳಿದವರು ಬಯಸಿದರೆ ಹೆಸರು ಇರುತ್ತದೆ, ಉಳಿದದ್ದರಲ್ಲಿ ಹೆಸರೂ ಊರೂ ಎರಡೂ ಇರುವುದಿಲ್ಲ. "ಮಾಹಿತಿದಾರ" ಎಂಬ ಪದದ ಜಾಗದಲ್ಲಿ "ಮಾತಾಡಿದವರು" ಎಂದು ಬರೆಯುತ್ತಿದ್ದೇನೆ, ಇದಕ್ಕಿಂತ ಒಳ್ಳೆಯ ಪದವಿದ್ದರೆ ತಿಳಿಸಿ. ಬರೆದ ಅಧ್ಯಾಯವನ್ನು ವಿಶ್ವವಿದ್ಯಾಲಯಕ್ಕೆ ಕೊಡುವ ಮೊದಲು ಊರಿನಲ್ಲಿ ಓದಿ ಹೇಳಬೇಕೆಂದುಕೊಂಡಿದ್ದೇನೆ, ಹೆಂಗಸರಿಗೆ ಬೇರೆಯಾಗಿ.

ಹೆಬ್ರಿಯವರಿಗೆ ಒಂದು ವಿನಂತಿ. ನಿಮ್ಮ ಊರಿನ ಮುಂದಿನ ಗ್ರಾಮಸಭೆ ಯಾವಾಗ ಎಂದು ತಿಳಿಸುವಿರಾ? ಪುಸ್ತಕ, ರೆಕಾರ್ಡರ್ ಯಾವುದನ್ನೂ ತರದೆ ಹಿಂದಿನ ಸಾಲಿನಲ್ಲಿ ಕೂತು ಕೇಳಿಸಿಕೊಂಡು ಬರುತ್ತೇನೆ.

ಹೆಬ್ರಿ ತಾಲ್ಲೂಕಿನವರ ಉತ್ತರ

ದಿನಾಂಕ ಇನ್ನೂ ನಿಗದಿಯಾಗಿಲ್ಲ, ಗೊತ್ತಾದ ಕೂಡಲೇ ತಿಳಿಸುತ್ತೇನೆ. ಮಳೆಗೆ ಮೊದಲಾದರೆ ವಾಹನ ಮನೆಯ ಹತ್ತಿರದವರೆಗೂ ಬರುತ್ತದೆ. ಮಳೆ ಹಿಡಿದ ಮೇಲಾದರೆ ಹೊಳೆಯ ಆಚೆ ಬದಿಯಲ್ಲೇ ಇಳಿಯಬೇಕಾಗುತ್ತದೆ, ಸಂಕ ಇನ್ನೂ ಆಗಿಲ್ಲ.